ಮೇಜಿನ ಮೇಲೆ ಮಲಗಿದ ಫುಟ್‌ಪಾತು

ತಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಖಾತ್ರಿಯಾಗಿ ಗೊತ್ತಿರುವವರು ಅಮೆರಿಕದಲ್ಲಿ ಸುಖವಾಗಿರುತ್ತಾರೆ. ಅವರು ಕೈಸನ್ನೆ ಮಾಡುತ್ತಾರೆ, ನಗುತ್ತಾರೆ, ಎದುರಿನವರೂ ನಕ್ಕು ಕೆಲಸ ಮಾಡಿಕೊಡುತ್ತಾರೆ. ಕಷ್ಟವೆಲ್ಲ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ನಂಬಿಕೊಂಡು ವಿಮಾನ ಹತ್ತಿದ ನನ್ನಂಥವರದ್ದು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಭಾಷಣ ಸ್ಪರ್ಧೆಯಲ್ಲಿ ಗೆದ್ದ ಸ್ಟೀಲು ಲೋಟ ಇವತ್ತಿಗೂ ಅಮ್ಮನ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವುದಕ್ಕೆ ಬಳಕೆಯಲ್ಲಿದೆ. ಅಪ್ಪ ದಿನಾ ಬೆಳಿಗ್ಗೆ ನನ್ನ ಕೈಯಲ್ಲಿ ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದಿಸುತ್ತಿದ್ದರು. ಪಾರ್ಲಿಮೆಂಟಿನ ಸುದ್ದಿ ಓದುವಾಗ ನನ್ನ ದನಿಗೆ ಒಂದು ಗಾಂಭೀರ್ಯ ಬರುತ್ತಿತ್ತಂತೆ. ಇಂಥ ನಾನು ನಾರ್ತ್ ಕೆರೊಲಿನಾಕ್ಕೆ ಬಂದ ಮೊದಲ ವಾರ ಆಫೀಸಿನವರು 'ಬಿಸ್ಕೆಟ್ ಮತ್ತು ಗ್ರೇವಿ' ತಿನ್ನೋಣ ಬಾ ಎಂದಾಗ, ಚಹಾದಲ್ಲಿ ಅದ್ದುವ ಬಿಸ್ಕೆಟ್ಟನ್ನು ಇವರು ಸಾರಿನಲ್ಲಿ ಅದ್ದುತ್ತಾರಲ್ಲ ಎಂದು ಮರುಗಿ, ಮನೆಯಿಂದ ಒಂದು ಫ್ಲಾಸ್ಕಿನಲ್ಲಿ ಚಹಾ ಮಾಡಿಕೊಂಡು ಹೋಗಿದ್ದೆ. ತಟ್ಟೆಯಲ್ಲಿ ಬಂದದ್ದು ಬನ್ನಿನಂಥ ವಸ್ತು, ಅದರ ಮೇಲೆ ಬಿಳಿಯ ಗಂಜಿ, ಗಂಜಿಯಲ್ಲಿ ಮಾಂಸದ ಚೂರು. ಅವತ್ತು ನಾನು ಚಹಾ ಮಾತ್ರ ಕುಡಿದೆ.

ಆಗ ನಾವಿದ್ದದ್ದು ಆ ರಾಜ್ಯದ ರಾಜಧಾನಿ ರಾಲಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ. ನಾನು ಸರ್ಕಾರದ ಒಂದು ಕಚೇರಿಗೆ ಕಾಂಟ್ರಾಕ್ಟ್ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಅನ್ನುವುದಕ್ಕಿಂತ ತಿದ್ದುತ್ತಿದ್ದೆ ಅನ್ನಬೇಕು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟು ನಿವೃತ್ತರಾದ ಮಹನೀಯರನ್ನು ಬೈದುಕೊಳ್ಳುತ್ತ, ಎರಡು ಸಾವಿರನೆಯ ಇಸವಿ ಬರುವ ಮೊದಲು ಅದನ್ನು ನಾಲ್ಕಂಕಿ ಮಾಡುವುದು ನನ್ನ ಕೆಲಸವಾಗಿತ್ತು. ನನ್ನ ಗಂಡ ಅರವಿಂದ ಧಾರವಾಡದವರು, ಇನ್ನೊಂದು ಕಂಪನಿಯಲ್ಲಿ ಅದೇ ಕೆಲಸದಲ್ಲಿದ್ದರು. ಮಗಳು ಇಳಾ ಹುಟ್ಟಿದ ಮೇಲೆ ನನ್ನ ರಜೆ ಮುಗಿಯುವ ಹೊತ್ತಿಗೆ ಧಾರವಾಡದಿಂದ ಅತ್ತೆ ಬಂದರು. ಅವರು ಬಂದದ್ದರಿಂದಲೇ ನಾನು ಮತ್ತೆ ಕೆಲಸಕ್ಕೆ ಹೋಗುವಂತಾಯಿತು. ಊರಿನ ಡೇಕೇರುಗಳಲ್ಲೆಲ್ಲ ಕೂಸು ಹುಟ್ಟುವ ಮೊದಲೇ ಹೆಸರು ಬರೆಸಬೇಕಿತ್ತಂತೆ, ನಮಗೆ ಹೇಳುವವರು ಯಾರೂ ಇರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳದಿದ್ದರೂ ಅವರು ನಡೆಯುವವರೇ. ಧಾರವಾಡದಲ್ಲಿ ಬೆಳಿಗ್ಗೆ ಹೊರಟರೆ ದಾರಿಯುದ್ದಕ್ಕೂ ಮಾತಾಡಿಸಿಕೊಂಡು, ನಾಲ್ಕು ಮನೆಯ ಸುದ್ದಿ ತಂದು, ಐದನೆಯ ಮನೆಗೆ ಒಂದಿಷ್ಟು ಕರಿಬೇವು ಕೊಟ್ಟು ಬರುವ ಹೆಂಗಸು. ಇಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಕಾರುಗಳು ಹೋಗುತ್ತಿದ್ದವು, ಮನುಷ್ಯರು ಹೋಗುತ್ತಿರಲಿಲ್ಲ. ರಸ್ತೆಯ ಡಾಂಬರು ಮುಗಿದಲ್ಲಿಂದ ಹುಲ್ಲು, ಹುಲ್ಲು ಮುಗಿದಲ್ಲಿಂದ ಚರಂಡಿ, ಚರಂಡಿಯ ತುಂಬ ಕೆರೊಲಿನಾದ ಕೆಂಪು ಜೇಡಿ. ಅತ್ತೆ ಇಳಕಲ್ಲಿನ ಸೀರೆಯ ಮೇಲೆ ಮಗನ ಹಳೆಯ ಸ್ವೆಟರು ತೊಟ್ಟು, ಬಿಳಿಯ ಕ್ಯಾನ್ವಾಸ್ ಶೂ ಹಾಕಿ, ಇಳಾಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಆ ಡಾಂಬರಿನ ಅಂಚಿನಲ್ಲೇ ನಡೆಯತೊಡಗಿದರು. ಟ್ರಕ್ಕು ಬಂದಾಗ ಗಾಡಿಯನ್ನು ಹುಲ್ಲಿಗೆ ಎಳೆದು ನಿಲ್ಲುವರು. ಹೋದ ಮೇಲೆ ಅದಕ್ಕೊಂದಿಷ್ಟು ಶಾಪ ಹಾಕಿ ಮುಂದೆ ಹೋಗುವರು.

ಒಂದು ದಿನ ನಾನು ಆಫೀಸಿನಿಂದ ಬರುವುದಕ್ಕೂ ನಮ್ಮ ಮನೆಯ ಮುಂದೆ ಪೊಲೀಸ್ ಕಾರು ನಿಲ್ಲುವುದಕ್ಕೂ ಸರಿಹೋಯಿತು. ಹಿಂದಿನ ಬಾಗಿಲಿನಿಂದ ಅತ್ತೆ ಇಳಿದರು, ಅವರ ಕೈಯಲ್ಲಿ ಇಳಾ, ಅವಳ ಕೈಯಲ್ಲಿ ಪೊಲೀಸಿನವನ ಪೆನ್ನು. ಹುಡುಗುಮುಖದ ಆ ಪೊಲೀಸಿನವನು ಟೋಪಿ ತೆಗೆದು, "ಮ್ಯಾಮ್, ಇವರ ಕಾರು ಎಲ್ಲೋ ಕೆಟ್ಟು ನಿಂತಿರಬೇಕು ಅಂದ್ಕೊಂಡೆ. ಕಾರು ಎಲ್ಲಿದೆ ಅಂತ ಎಷ್ಟು ಕೇಳಿದರೂ ಹೇಳ್ತಿಲ್ಲ" ಅಂದ. ಕಾರು ಕೆಡದೆ ಒಬ್ಬ ಹೆಂಗಸು ರಸ್ತೆಯಲ್ಲಿ ನಡೆಯುತ್ತಾಳೆ ಎಂಬುದು ಪಾಪ ಅವನಿಗೆ ಹೊಳೆದಿರಲಿಲ್ಲ. ಅವನು ತಳ್ಳುಗಾಡಿಯನ್ನು ಡಿಕ್ಕಿಯಿಂದ ಇಳಿಸಿ, ಬಿಚ್ಚಿ ನಿಲ್ಲಿಸಿಕೊಟ್ಟು, ಅಂಚಿನಲ್ಲಿ ನಡೆಯುವುದು ಅಪಾಯ, ಹೋದ ತಿಂಗಳು ಅಲ್ಲೇ ಒಂದು ಜಿಂಕೆ ಸತ್ತಿತು ಎಂದು ಎಚ್ಚರಿಕೆ ಹೇಳಿ ಹೋದ.

ಅತ್ತೆ ಸೋಫಾದ ಮೇಲೆ ಕೂತರು. ಅರವಿಂದ ಆಫೀಸಿನಿಂದ ಬರುವ ತನಕ ಶೂ ಕೂಡ ಬಿಚ್ಚಲಿಲ್ಲ.

"ಪೊಲೀಸ್ ಗಾಡ್ಯಾಗ ಮನೀಗೆ ಬಂದೆ ಅಂತ ಧಾರವಾಡದಾಗ ಗೊತ್ತಾದ್ರ ನನ್ನ ಮಾರಿ ಎಲ್ಲಿಡ್ಲಿ?" ಎಂದರು ಕೊನೆಗೆ. "ಅರವಿಂದಾ, ನನ್ನ ಟಿಕೀಟ್ ಮುಂಚೇನ ಮಾಡಸಪಾ. ನಾ ಹೊಂಟೆ. ಕಾಲಿದ್ದೂ ಕುಂಟಿ ಆಗೇನಿ ಇಲ್ಲೆ. ಕೂಸಿನ್ನ ಕಟಗೊಂಡು ಆ ಟ್ರಕ್ಕಿನ ಬಾಯಾಗ ನಾ ಹೋಗಂಗಿಲ್ಲ. ಮನ್ಯಾಗ ಕುಂತ್ರ ನನಗ ಸಕ್ಕರಿ ಏರ್ತದ."

ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅರವಿಂದರನ್ನು ಕರೆದು, "ರೀ, ಅತ್ತೆ ಹೋದ್ರೆ ನಾನು ಜಾಬ್ ಕ್ವಿಟ್ ಮಾಡ್ಬೇಕು, ಅಷ್ಟೆ. ಏನಾದ್ರೂ ಮಾಡ್ರಿ" ಅಂದೆ. "ನನಗೇನ್ ರೋಡ್ ಹಾಕ್ಲಿಕ್ಕೆ ಬರ್ತದೇನು?" ಎಂದು ಅವರು ಫ್ರಿಜ್ಜು ತೆಗೆದು ಒಳಗೆ ನೋಡುತ್ತ ನಿಂತರು. ಉತ್ತರವಿಲ್ಲದ ಪ್ರಶ್ನೆ ಬಂದಾಗಲೆಲ್ಲ ಅವರು ಫ್ರಿಜ್ಜಿನಲ್ಲಿ ಹುಡುಕುತ್ತಾರೆ. ಕೆಲಸದ ಚಿಂತೆ ನನಗಿತ್ತು, ನಿಜ. ಆದರೆ ಅಷ್ಟೇ ಆಗಿರಲಿಲ್ಲ. ಸಂಜೆ ಬಾಗಿಲು ತೆಗೆದರೆ ಒಗ್ಗರಣೆಯ ವಾಸನೆ, "ಬಂದ್ಯಾ ತಂಗಿ" ಎನ್ನುವ ದನಿ, ಇವೆರಡೂ ನನಗೆ ಅಷ್ಟರಲ್ಲಿ ಅಭ್ಯಾಸವಾಗಿಬಿಟ್ಟಿದ್ದವು. ಮದುವೆಯಾದ ಹೊಸದರಲ್ಲಿ ಹೆದರುತ್ತಿದ್ದ ಹೆಂಗಸನ್ನು ನಾನು ಹಚ್ಚಿಕೊಂಡಿದ್ದೆ.

ಇಷ್ಟಾದ ಕೆಲವೇ ದಿನಗಳಲ್ಲಿ ಊರಿನ ಆಡಳಿತದ ಆಫೀಸಿನಿಂದ ಫೋನು ಬಂತು. ಮಾತಾಡಿದಾಕೆಯ ಹೆಸರು ಕ್ಯಾರಲ್. ದಕ್ಷಿಣದವರ ಎಳೆದೆಳೆದು ಆಡುವ ಇಂಗ್ಲಿಷು. ಊರಿನ ಕೌನ್ಸಿಲ್ಲು 'ಸಿಟಿಜನ್ಸ್ ಪ್ಯಾನೆಲ್' ಮಾಡುತ್ತಿದೆ, ಯಾವ ಯಾವ ರಸ್ತೆಗೆ ಏನೇನು ಬೇಕು ಅಂತ ಜನರನ್ನೇ ಕೇಳಿ ತೀರ್ಮಾನ ಮಾಡುತ್ತದೆ, ನೀರಿನ ಬಿಲ್ಲು ಕಟ್ಟುವವರ ಹೆಸರುಗಳಲ್ಲಿ ಚೀಟಿ ಎತ್ತಿದಾಗ ನಿಮ್ಮ ಹೆಸರು ಬಂದಿದೆ, ಬರುತ್ತೀರಾ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಫೋನು ಗಂಡನ ಹೆಸರಿನಲ್ಲಿ, ನೀರು ನನ್ನ ಹೆಸರಿನಲ್ಲಿ ಇತ್ತು. ವೀಸಾದ ಮೇಲೆ ಬದುಕುವವರಿಗೆ ಸರ್ಕಾರದ ಕಡೆಯ ಫೋನು ಬಂದರೆ ಕೈ ತಾನಾಗಿ ಪಾಸ್‌ಪೋರ್ಟಿನ ಕಡೆ ಹೋಗುತ್ತದೆ. ನಾನು ತೊದಲುತ್ತ, "ನಾನು ಸಿಟಿಜನ್ ಅಲ್ಲ, ಬೇರೆ ದೇಶದವಳು, ವೀಸಾದ ಮೇಲಿದ್ದೇನೆ" ಅಂದೆ. ಕ್ಯಾರಲ್, "ಹನಿ, ನೀವು ಈ ಊರಲ್ಲಿ ಮಲಗಿ ಏಳ್ತೀರಾ? ನಮ್ಮ ನಲ್ಲಿಯ ನೀರು ಕುಡೀತೀರಾ? ಹಾಗಾದ್ರೆ ನೀವು ನಮ್ಮವರೇ. ಮಂಗಳವಾರ ಬನ್ನಿ, ಕುಕೀಸ್ ಇರುತ್ತೆ" ಅಂದಳು. ಫೋನಿಟ್ಟ ಮೇಲೆ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ದೇಶಕ್ಕೆ ಬಂದಾಗಿನಿಂದ ನೀವು ಯಾರು, ಎಷ್ಟು ದಿನ ಇರುತ್ತೀರಿ, ಯಾವಾಗ ಹೋಗುತ್ತೀರಿ ಎಂದು ಕೇಳಿದವರಿದ್ದರು. ನಿಮಗೆ ಏನು ಬೇಕು ಎಂದು ಕೇಳಿದವರು ಕ್ಯಾರಲ್ ಒಬ್ಬಳೇ.

ಅರವಿಂದ ಇದನ್ನು ಅಮ್ಮನಿಗೆ 'ನಾಗರಿಕರ ಸಮಿತಿ' ಎಂದು ಕನ್ನಡ ಮಾಡಿ ಹೇಳಿದರು. ಅತ್ತೆ ಮೂಗು ಮುರಿದು, "ಅವ್ರು ನಾಗರಿಕರಂತ? ಮತ್ತ ನಾವೇನ್ ಕಾಡಿನ್ಯಾಗಿಂದ ಬಂದೇವೇನು?" ಅಂದರು. ಆದರೂ ಟಿಕೆಟ್ಟಿನ ಮಾತನ್ನು ಸ್ವಲ್ಪ ದಿನ ಮುಂದೆ ಹಾಕಿದರು. ಸೊಸೆ ಏನು ಕಡಿದು ಗುಡ್ಡೆ ಹಾಕುತ್ತಾಳೋ ನೋಡಿಕೊಂಡೇ ಹೋಗೋಣ ಎಂಬ ಕುತೂಹಲ ಅವರದ್ದು.

ಊರಿನ ಆಡಳಿತ ಜನರನ್ನು ಕೇಳುತ್ತದೆ ಎನ್ನುವುದೇ ನನಗೆ ಹೊಸದು. ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯನ್ನು ಆಗಾಗ ಅಗೆಯುತ್ತಿದ್ದರು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಲು ಹೋದರೆ ಗೇಟಿನ ಹೊರಗೆ ಹಳ್ಳ, ಹಳ್ಳದಲ್ಲಿ ಒಬ್ಬ ಮನುಷ್ಯ. ಏನಪ್ಪಾ ಇದು ಎಂದು ಅಮ್ಮ ಕೇಳಿದರೆ, "ನಂಗೊತ್ತಿಲ್ಲ ಕಣಮ್ಮ, ಅಗೀರಿ ಅಂದ್ರು" ಎಂದು ಅವನು ಹೇಳುವನು. ಅಮ್ಮ ಅವನಿಗೆ ಕುಡಿಯಲು ನೀರು ಕೊಡುವಳು, ಅಪ್ಪ ಪತ್ರಿಕೆಗೆ ಬರೆಯುತ್ತೇನೆ ಎನ್ನುವರು, ಸೈಕಲ್ಲನ್ನು ಹಲಗೆಯ ಮೇಲೆ ದಾಟಿಸಿಕೊಂಡು ನಾನು ಕಾಲೇಜಿಗೆ ಹೋಗುವೆ. ಹಳ್ಳ ತೋಡಿದ್ದು ನೀರಿಗೋ ಫೋನಿಗೋ ಎಂದು ತಿಳಿಯುವ ಮೊದಲೇ ಮುಚ್ಚಿರುತ್ತಿದ್ದರು. ಅದರ ಬಗ್ಗೆ ನಮಗೆ ಸಿಟ್ಟೂ ಇರುತ್ತಿರಲಿಲ್ಲ. ಮಳೆಯನ್ನು ಯಾಕೆ ಬಂದೆ ಎಂದು ಯಾರು ಕೇಳುತ್ತಾರೆ?

ಮಂಗಳವಾರ ಊರಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಪ್ಯಾನೆಲ್ಲಿನ ಅಧ್ಯಕ್ಷರು ಸೈನ್ಯದಿಂದ ನಿವೃತ್ತರಾದ ಒಬ್ಬ ಕರ್ನಲ್. ಕೂದಲು, ಮಾತು, ಪ್ಯಾಂಟಿನ ಇಸ್ತ್ರಿ ಮೂರೂ ಚೊಕ್ಕ. ಸಭೆ ನಡೆಸುವ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ನನ್ನ ಪಕ್ಕದಲ್ಲಿ ಕೂತವರು ಡೊರತಿ, ನಿವೃತ್ತ ಟೀಚರು, ಕಪ್ಪು ಜನಾಂಗದ ಹಿರಿಯ ಹೆಂಗಸು. ಚೀಲದಲ್ಲಿ ಸದಾ ಪೆಪರ್‌ಮಿಂಟು ಇಟ್ಟುಕೊಳ್ಳುತ್ತಿದ್ದ ಅವರು ನನ್ನನ್ನು ನೋಡಿದ ಕೂಡಲೇ ಒಂದನ್ನು ಕೊಟ್ಟರು. ಎದುರಿಗೆ ಟೆಡ್ ಎಂಬ ಮನುಷ್ಯ. ಟೆನಿಸ್ ಕೋರ್ಟಿಗೆ ದೀಪ ಹಾಕಿಸಬೇಕು ಎನ್ನುವುದೊಂದೇ ಅವನ ಬದುಕಿನ ಗುರಿಯಾಗಿತ್ತು. ಉಳಿದವರೂ ಒಳ್ಳೆಯವರೇ, ಒಬ್ಬೊಬ್ಬರೂ ತಮ್ಮ ತಮ್ಮ ರಸ್ತೆಯವರು.

ನನ್ನ ಸರದಿ ಬಂತು. ಎದ್ದು ನಿಂತು, ಭಾಷಣದ ಲೋಟ ಗೆದ್ದ ದನಿಯಲ್ಲಿ, "ನಮ್ಮ ರಸ್ತೆಗೆ ಪೇವ್‌ಮೆಂಟೇ ಇಲ್ಲ" ಅಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಟೆಡ್, "ಮ್ಯಾಮ್, ನಾನು ದಿನಾ ಆ ರಸ್ತೆಯಲ್ಲೇ ಹೋಗ್ತೀನಿ. ಪೇವ್‌ಮೆಂಟ್ ಚೆನ್ನಾಗಿದೆಯಲ್ಲ, ಈಚೆಗೆ ತಾನೇ ಹೊಸದಾಗಿ ಹಾಕಿದಾರೆ" ಅಂದ. "ಇಲ್ಲವೇ ಇಲ್ಲ" ಅಂದೆ. "ಇದೆ" ಅಂದ. ಸ್ವಲ್ಪ ಹೊತ್ತು ನಾವಿಬ್ಬರೂ ಇದೆ ಇಲ್ಲ ಎಂದು ದೇವರ ಬಗ್ಗೆ ವಾದಿಸುವವರ ಹಾಗೆ ವಾದಿಸಿದೆವು. ಕೊನೆಗೆ ಡೊರತಿ ನನ್ನ ತೋಳು ಮುಟ್ಟಿ, "ನೀವು ಹೇಳ್ತಿರೋದು ಸೈಡ್‌ವಾಕ್ ಇರಬೇಕು, ಮಗಳೇ" ಎಂದರು. ನಮ್ಮೂರಲ್ಲಿ ಪೇವ್‌ಮೆಂಟ್ ಎಂದರೆ ಜನ ನಡೆಯುವ ಫುಟ್‌ಪಾತು. ಅಮೆರಿಕದಲ್ಲಿ ಪೇವ್‌ಮೆಂಟ್ ಎಂದರೆ ಕಾರು ಓಡುವ ಡಾಂಬರು. ಇಲ್ಲದ್ದು ಇದ್ದದ್ದೂ ಆಗಿ, ಇದ್ದದ್ದು ಇಲ್ಲದ್ದೂ ಆಗಿ, ಇಬ್ಬರೂ ಗೆದ್ದೆವು. ನಮ್ಮ ರಸ್ತೆಯ ಸೈಡ್‌ವಾಕು ಚರ್ಚೆಯ ವಿಷಯಗಳಲ್ಲಿ ಸೇರಿತು.

ಇಷ್ಟಕ್ಕೇ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಚೆನ್ನಾಗಿತ್ತು. ಎರಡನೆಯ ಮಂಗಳವಾರ ಚರ್ಚೆ ಮಾಡಿ ಶಿಫಾರಸು ಬರೆಯಬೇಕಿತ್ತು. ಬೇರೆ ರಸ್ತೆಗಳ ಮಾತು ಮುಗಿಯುವಂತೆಯೇ ಕಾಣಲಿಲ್ಲ. ಮನೆಯಲ್ಲಿ ಅತ್ತೆ ಏನಾಯಿತು ಎಂದು ಕಾಯುತ್ತಿದ್ದಾರೆ. ಇಲ್ಲಿ ಒಬ್ಬರು ಬಾತುಕೋಳಿಗಳಿಗೆ ರಸ್ತೆ ದಾಟುವ ಫಲಕ ಬೇಕೆಂದು ವಿವರಿಸುತ್ತಿದ್ದಾರೆ. ಅಪ್ಪನಿಗೆ ಪೇಪರು ಓದಿದ ದಿನಗಳು ನನ್ನ ಮೈಮೇಲೆ ಬಂದವು. ಸರ್ಕಾರ ಮಸೂದೆಯನ್ನು ಮಂಡಿಸಿತು ಎನ್ನುವುದಕ್ಕೆ ನಮ್ಮ ಪೇಪರಿನವರು ಬಿಲ್ಲನ್ನು 'ಟೇಬಲ್' ಮಾಡಲಾಯಿತು ಎಂದು ಬರೆಯುತ್ತಿದ್ದರು. ಟೇಬಲ್ ಎಂದರೆ ಸಭೆಯ ಮುಂದಿಡುವುದು, ಚರ್ಚೆಗೆ ತೆಗೆದುಕೊಳ್ಳುವುದು. ನಾನು ಎದ್ದು, ಕರ್ನಲ್ಲರ ಕಡೆ ತಿರುಗಿ, "ಮಾನ್ಯ ಅಧ್ಯಕ್ಷರೇ, ನಮ್ಮ ರಸ್ತೆಯ ಸೈಡ್‌ವಾಕಿನ ವಿಷಯವನ್ನು ಈ ಕೂಡಲೇ ಟೇಬಲ್ ಮಾಡಬೇಕೆಂದು ಸೂಚಿಸುತ್ತೇನೆ" ಎಂದೆ.

ಕರ್ನಲ್ ಹುಬ್ಬೇರಿಸಿ, "ಅನುಮೋದಿಸುವವರು?" ಎಂದು ಕೇಳಿದರು. ಟೆಡ್ ತನ್ನ ಕೈಯನ್ನು ಎಷ್ಟು ಬೇಗ ಎತ್ತಿದನೆಂದರೆ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. "ಪರವಾಗಿರುವವರು ಕೈ ಎತ್ತಿ." ಬಹಳ ಕೈಗಳು ಎದ್ದವು, ಎಲ್ಲಕ್ಕಿಂತ ಎತ್ತರದಲ್ಲಿ ನನ್ನದು. ಡೊರತಿ ಮಾತ್ರ ಕೈ ಎತ್ತದೆ ನನ್ನನ್ನೇ ನೋಡುತ್ತಿದ್ದರು. ಕರ್ನಲ್ ಸುತ್ತಿಗೆ ಕುಟ್ಟಿ, "ಟೇಬಲ್ ಆಯಿತು. ಮುಂದಿನ ವಿಷಯ, ಟೆನಿಸ್ ಕೋರ್ಟಿನ ದೀಪ" ಎಂದರು. ನಾನು ಗಂಟಲು ಸರಿಪಡಿಸಿಕೊಂಡು ಮಾತು ಶುರುಮಾಡಲು ನಿಂತೇ ಇದ್ದೆ. ಟೆಡ್ ಆಗಲೇ ದೀಪದ ಕಂಬದ ಎತ್ತರದ ಬಗ್ಗೆ ಮಾತಾಡತೊಡಗಿದ್ದ. ಡೊರತಿ ನನ್ನ ಸೆರಗು ಜಗ್ಗಿ ಕೂರಿಸಿ ಕಿವಿಯಲ್ಲಿ, "ಮಗಳೇ, ನಿಮಗೆ ಸೈಡ್‌ವಾಕ್ ಬೇಕು ಅಂದ್ಕೊಂಡಿದ್ದೆನಲ್ಲ? ಟೇಬಲ್ ಮಾಡೋದು ಅಂದ್ರೆ ಚರ್ಚೆ ಬೇಡ, ಪಕ್ಕಕ್ಕೆ ಎತ್ತಿಡಿ ಅಂತ" ಎಂದರು. ಅಮೆರಿಕದವರು ವಿಷಯವನ್ನು ಮೇಜಿನ ಮೇಲಿಡುವುದು ಮಲಗಿಸುವುದಕ್ಕೆ, ಎಬ್ಬಿಸುವುದಕ್ಕಲ್ಲ. ಮಂಡಿಸಲು ಹೋದವಳು ಮಂಡಿಯೂರಿ ಕೂತ ಹಾಗಾಯಿತು. ಪೆಪರ್‌ಮಿಂಟು ಬಾಯಲ್ಲಿತ್ತು, ರುಚಿ ತಿಳಿಯಲಿಲ್ಲ.

ಸಭೆ ಮುಗಿದ ಮೇಲೆ ನಾನು ತಪ್ಪು ಒಪ್ಪಿಕೊಳ್ಳುವ ಮೊದಲೇ ಕರ್ನಲ್ಲರೇ ನನ್ನ ಹತ್ತಿರ ಬಂದು ಕೈಕುಲುಕಿದರು. "ಇಷ್ಟು ವರ್ಷ ಸಭೆ ನಡೆಸಿದೀನಿ. ತನ್ನ ರಸ್ತೆಯ ವಿಷಯವನ್ನು ತಾನೇ ಮುಂದೂಡಿ, ಆತುರ ಬೇಡ, ಪರಿಶೀಲಿಸಿ ಅಂದವರನ್ನ ಇವತ್ತೇ ನೋಡಿದ್ದು. ನಿಮ್ಮ ದೇಶದವರ ತಾಳ್ಮೆಯನ್ನ ನಾವು ಕಲೀಬೇಕು. ಮುಂದಿನ ಸಭೆಗೆ ಮೊದಲು ನಾವೆಲ್ಲ ಬಂದು ಜಾಗ ನೋಡ್ತೀವಿ" ಎಂದರು. ನಾನು ನನ್ನ ದೇಶದವರೆಲ್ಲರ ಪರವಾಗಿ ತಾಳ್ಮೆಯ ಮುಖ ಮಾಡಿ ನಿಂತೆ. ಹಿಂದುಗಡೆ ಡೊರತಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮನೆಗೆ ಬಂದು ಅತ್ತೆಯ ಮುಂದೆ ನಡೆದದ್ದನ್ನೆಲ್ಲ ಹೇಳಿ ಅಳು ಬರುವಂತಾಗಿ ಕೂತೆ. ಅತ್ತೆ ಸಿಟ್ಟಾಗುತ್ತಾರೆ, ನಾಳೆಯೇ ಟಿಕೆಟ್ ಎನ್ನುತ್ತಾರೆ ಎಂದು ಕಾದರೆ, ಅವರು ಸೆರಗು ಬಾಯಿಗೆ ಹಿಡಿದು ನಗಹತ್ತಿದರು.

"ನೆನಪದ ಏನ ತಂಗಿ, ನೀ ಹೊಸ ಸೊಸಿ ಆಗಿ ಬಂದಾಗ? ಮುಂಜಾನೆದ್ದು ನಿಮ್ಮ ಮಾವನವರಿಗೆ, ಅವರ ಅಣ್ಣಗ, ಬಂದ ಬೀಗರಿಗೆ, ಎಲ್ಲಾರಿಗೂ 'ತಿಂಡಿ ಆಯ್ತಾ, ತಿಂಡಿ ಆಯ್ತಾ' ಅಂತ ಕೇಳ್ಕೋತ ಅಡ್ಡಾಡಿದ್ಯಲ್ಲ!"

ನೆನಪಿಲ್ಲದೆ ಏನು? ಮೈಸೂರಿನ ಕಡೆ ತಿಂಡಿ ಎಂದರೆ ಬೆಳಗಿನ ಫಲಾಹಾರ. ಧಾರವಾಡದ ಕಡೆ ತಿಂಡಿ ಎಂದರೆ ಮೈ ತುರಿಕೆ. ಗೌರವಸ್ಥರಾದ ಹಿರಿಯರನ್ನೆಲ್ಲ ಹೊಸ ಸೊಸೆ ನಗುನಗುತ್ತ ನಿಮಗೆ ತುರಿಕೆ ಆಯಿತಾ ಎಂದು ಕೇಳಿದ್ದಳು. ಆಗ ಅತ್ತೆ ನನ್ನನ್ನು ಒಳಗೆ ಕರೆದು, ಒಂದು ಮಾತೂ ಬೈಯದೆ, "ಇಲ್ಲೆ ನಾಷ್ಟಾ ಅನ್ನು" ಎಂದು ಹೇಳಿಕೊಟ್ಟಿದ್ದರು.

"ಅವತ್ತ ನಾವೇನ್ ನಿನ್ನ ತವರಿಗೆ ಕಳಿಸಿದ್ವೇನು? ಈ ಮಂದಿನೂ ಕಳಸಂಗಿಲ್ಲ. ಬರ್ಲಿ ಆ ಸಾಹೇಬ್ರು. ನಾ ತೋರಸ್ತೀನಿ ಅವ್ರಿಗೆ ರಸ್ತಾ" ಎಂದರು ಅತ್ತೆ.

ಶನಿವಾರ ಬೆಳಿಗ್ಗೆ ಪ್ಯಾನೆಲ್ಲು ನಮ್ಮ ರಸ್ತೆಯಲ್ಲಿ ನಡೆದು ನೋಡಲು ಬಂತು. ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ ಬಂದರು. ನಮ್ಮ ಮನೆಯಿಂದ ತಿರುವಿನ ತನಕ ಕಾರುಗಳು ಸಾಲಾಗಿ ನಿಂತವು. ಅತ್ತೆ ಕಿಟಕಿಯಿಂದ ನೋಡಿ, "ನಡೀಲಿಕ್ಕೆ ಬಂದಾವ್ರು ಕಾರಿನ್ಯಾಗ ಯಾಕ ಬಂದಾರವಾ?" ಎಂದು ಕೇಳಿದರು. ಮನೆಗೆ ಬಂದವರನ್ನು ಹಾಗೇ ಕಳಿಸುವುದುಂಟೇ ಎಂದು ಅವರು ಬೆಳಿಗ್ಗೆಯೇ ಅವಲಕ್ಕಿ ಚೂಡಾ ಹುರಿದು, ಏಲಕ್ಕಿಯ ಚಹಾ ಮಾಡಿಟ್ಟಿದ್ದರು. "ತಿನ್ರಿ ಸಾಹೇಬ್ರ, ನಾಚ್ಕೋಬ್ಯಾಡ್ರಿ" ಎಂದು ಕರ್ನಲ್ಲರ ಕೈಗೆ ಬಟ್ಟಲು ಕೊಟ್ಟರು. ಕರ್ನಲ್ಲರಿಗೆ ಹಸಿಮೆಣಸಿನಕಾಯಿ ಸಿಕ್ಕಿತು. ಕಣ್ಣಲ್ಲಿ ನೀರು ಬಂದರೂ ಅವರು ಸೈನ್ಯದ ಮನುಷ್ಯ, ಬಟ್ಟಲು ಕೆಳಗಿಡಲಿಲ್ಲ. ಡೊರತಿ ಎರಡನೆಯ ಸಲ ಹಾಕಿಸಿಕೊಂಡರು.

ಆಮೇಲೆ ಅತ್ತೆ ಮುಂದೆ, ತಳ್ಳುಗಾಡಿಯಲ್ಲಿ ಇಳಾ, ಹಿಂದೆ ಇಡೀ ಪ್ಯಾನೆಲ್ಲು ಹೊರಟಿತು. ಅನುವಾದ ಮಾಡಲು ನಾನು ಪಕ್ಕದಲ್ಲಿದ್ದೆ, ಆದರೆ ಅತ್ತೆ ನನಗೆ ಕೆಲಸವನ್ನೇ ಕೊಡಲಿಲ್ಲ. "ಇಲ್ಲೆ ನೋಡ್ರಿ" ಎಂದು ಅಂಚು ತೋರಿಸುವರು, "ಹಿಂಗ ಬರ್ತದ ಟ್ರಕ್ಕು" ಎಂದು ಕೈ ಬೀಸುವರು, "ನಾ ಎಲ್ಲಿ ಹೋಗ್ಲಿ?" ಎಂದು ಚರಂಡಿ ತೋರಿಸುವರು. ಅಷ್ಟರಲ್ಲಿ ನಿಜವಾಗಿಯೂ ಒಂದು ಮರದ ದಿಮ್ಮಿಯ ಟ್ರಕ್ಕು ತಿರುವಿನಿಂದ ಬಂತು. ಎಲ್ಲರೂ ಹುಲ್ಲಿಗೆ ಹಾರಿದರು. ಕರ್ನಲ್ಲರು ಇಳಾಳ ಗಾಡಿಯನ್ನು ಒಳಕ್ಕೆ ಸರಿಸಿ, ತಾವು ಹೊರಗಡೆ ನಿಲ್ಲಲು ಹೋಗಿ, ಜಾರಿ ಚರಂಡಿಗೆ ಇಳಿದರು. ಹಿಂದಿನ ದಿನ ಮಳೆ ಬಂದಿತ್ತು. ಇಸ್ತ್ರಿ ಪ್ಯಾಂಟು ಮೊಣಕಾಲಿನವರೆಗೆ ಕೆಂಪಾಯಿತು. ಕಾಲು ಮೇಲೆ ಬಂತು, ಶೂ ಬರಲಿಲ್ಲ.

"ಅಯ್ಯ ಸಾಹೇಬ್ರ!" ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಜೇಡಿಯಲ್ಲಿ ಕೈ ಹಾಕಿ ಶೂ ಕಿತ್ತು ತೆಗೆದರು. ಹತ್ತಿರದ ಮನೆಯ ಪೈಪಿನ ನೀರಿನಲ್ಲಿ ಶೂ ತೊಳೆದು, ಕರ್ನಲ್ಲರನ್ನು ಆ ಮನೆಯ ಮೆಟ್ಟಿಲ ಮೇಲೆ ಕೂರಿಸಿ, ಬೇಡ ಬೇಡ ಎಂದರೂ ಕಾಲಿಗೆ ನೀರು ಹೊಯ್ದರು. ಕರ್ನಲ್ಲರು ನನ್ನ ಕಡೆ ತಿರುಗಿ, "ಇವರು ದಿನಾ ಈ ಮಗುವನ್ನ ಕರ್ಕೊಂಡು ಇಲ್ಲಿ ನಡೀತಾರಾ?" ಎಂದು ಕೇಳಿದರು. ನಡೆಯುತ್ತಿದ್ದರು, ಈಗ ಹೆದರಿಕೆಗೆ ಬಿಟ್ಟಿದ್ದಾರೆ, ಊರಿಗೆ ವಾಪಸು ಹೋಗುತ್ತೇನೆ ಎನ್ನುತ್ತಿದ್ದಾರೆ ಎಂದೆ. "ಅದಕ್ಕೆ ಅವಕಾಶ ಕೊಡಬಾರದು" ಎಂದರು ಕರ್ನಲ್.

ಮೂರನೆಯ ಮಂಗಳವಾರ ನಮ್ಮ ರಸ್ತೆಯನ್ನು ಮೇಜಿನಿಂದ ಎತ್ತಿಕೊಳ್ಳಬೇಕೆಂದು ಸೂಚಿಸಿದವರು ಡೊರತಿ. ಅನುಮೋದಿಸಿದವನು ಟೆಡ್. ನಾನು ಆ ಹೊತ್ತಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ, ಎಲ್ಲಿ ಮತ್ತೆ ಏನಾದರೂ ಸೂಚಿಸಿಬಿಡುತ್ತೇನೋ ಎಂಬ ಭಯಕ್ಕೆ. ನಮ್ಮ ರಸ್ತೆ ಶಿಫಾರಸಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಯಿತು. ಕೌನ್ಸಿಲ್ಲು ಒಪ್ಪಿತು. ಟೆನಿಸ್ ದೀಪವನ್ನು ಮುಂದಿನ ವರ್ಷಕ್ಕೆ ಟೇಬಲ್ ಮಾಡಿದರು. ಟೆಡ್ಡಿಗೆ ಬೇಸರವಾಗಿರಬೇಕು, ಆದರೂ ಹೊರಗೆ ಬಂದು, "ನಿಮ್ಮ ಅತ್ತೆಗೆ ಹೇಳಿ, ಆ ಖಾರದ ತಿನಿಸು ಇನ್ನೊಮ್ಮೆ ಮಾಡಿದರೆ ನನ್ನನ್ನ ಮರೀಬೇಡಿ ಅಂತ" ಎಂದ. ಅತ್ತೆ ಅವನಿಗೆ ಒಂದು ಡಬ್ಬಿ ಚೂಡಾ ಕಳಿಸಿದರು. ಟಿಕೆಟ್ಟಿನ ಮಾತನ್ನು ಎತ್ತಲಿಲ್ಲ. ಅವರ ವೀಸಾದ ಅವಧಿ ಹೆಚ್ಚಿಸಲು ಅರ್ಜಿ ಹಾಕಿದೆವು, ಅದೂ ಆಯಿತು.

ಆ ಜನರನ್ನು ನೆನೆದರೆ ಈಗಲೂ ನನ್ನ ಮನಸ್ಸು ತುಂಬಿ ಬರುತ್ತದೆ. ಓಟಿಲ್ಲದ, ನಾಳೆ ವೀಸಾ ಮುಗಿದರೆ ಗಂಟುಮೂಟೆ ಕಟ್ಟಬೇಕಾದ ನನ್ನನ್ನು ಕರೆದು ಕುರ್ಚಿ ಹಾಕಿ ಕೂರಿಸಿದರು. ನನ್ನ ಪೇವ್‌ಮೆಂಟನ್ನು ತಿದ್ದಿದರು, ನನ್ನ ಟೇಬಲ್ಲನ್ನು ತಾಳ್ಮೆ ಎಂದು ಭಾವಿಸಿದರು. ಓಟಿನ ಮಾತಿರಲಿ, ನೆಲವೇ ತನ್ನದಲ್ಲದ ಒಬ್ಬ ಹೆಂಗಸಿನ ಬೆಳಗಿನ ನಡಿಗೆಗಾಗಿ ಅಷ್ಟು ಜನ ಶನಿವಾರ ಬಿಟ್ಟು ಕೆಸರಿಗಿಳಿದರು. ಕೃತಜ್ಞತೆ ಎನ್ನುವುದು ದೊಡ್ಡ ಪದ, ನಾನು ಸುಲಭವಾಗಿ ಬಳಸುವವಳಲ್ಲ. ಇಲ್ಲಿ ಬಳಸುತ್ತೇನೆ.

ಚಳಿ ಕಳೆದ ಮೇಲೆ ಕೆಲಸದವರು ಬಂದು ಬಿಳಿಯ ಕಾಂಕ್ರೀಟು ಹಾಕಿದರು. ಅದು ಒಣಗುವ ತನಕ ಅತ್ತೆ ಬಾಗಿಲಲ್ಲೇ ಕಾವಲು ಕೂತಿದ್ದರು, ನಾಯಿ ಬೆಕ್ಕು ಹತ್ತದಂತೆ. ಒಣಗಿದ ದಿನ ಅರಿಸಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. "ಅವ್ವಾ, ಇಲ್ಲೆ ಹಂಗೆಲ್ಲಾ ಮಾಡಂಗಿಲ್ಲ" ಎಂದು ಅರವಿಂದ ಗೊಣಗಿದರು, ಆಮೇಲೆ ಕೊಬ್ಬರಿ ತಿಂದರು. ಅಂದಿನಿಂದ ಅತ್ತೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಳಾಳನ್ನು ಕರೆದುಕೊಂಡು ಹೊರಡುತ್ತಿದ್ದರು. ಒಂದೊಂದು ದಿನ ಬರುವಾಗ ಕೈಯಲ್ಲಿ ಟೊಮೆಟೊ ಇರುತ್ತಿತ್ತು, ಒಂದು ದಿನ ಹೂವಿನ ಗಿಡ. ಯಾರು ಕೊಟ್ಟರು ಎಂದರೆ, "ಆ ಹಸಿರ ಬಾಗಲದಾಕಿ" ಎನ್ನುವರು. ನಾನು ಇಸವಿಗಳನ್ನು ತಿದ್ದುವ ಅವಸರದಲ್ಲಿ ಹೆಚ್ಚು ಕೇಳುತ್ತಿರಲಿಲ್ಲ. ಅವರ ಸಕ್ಕರೆ ಇಳಿಯಿತು. ಇಳಾ ನಡೆಯಲು ಕಲಿತದ್ದೂ ಆ ಕಾಂಕ್ರೀಟಿನ ಮೇಲೆಯೇ.

ಬೇಸಿಗೆಯ ಕೊನೆಗೆ ವೀಸಾ ಮುಗಿದು ಅತ್ತೆ ಧಾರವಾಡಕ್ಕೆ ಹೊರಟರು. ಅಷ್ಟರಲ್ಲಿ ಡೇಕೇರಿನಲ್ಲಿ ಇಳಾಗೆ ಜಾಗ ಸಿಕ್ಕಿತ್ತು. ವಿಮಾನ ನಿಲ್ದಾಣದಲ್ಲಿ ನಾನು ಅವರಿಗಿಂತ ಹೆಚ್ಚು ಅತ್ತುಬಿಟ್ಟೆ. ಮರುದಿನ ಭಾನುವಾರ. ಮನೆ ಬಿಕೋ ಎನ್ನುತ್ತಿತ್ತು. ಇಳಾಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಮೊದಲ ಸಲ ನಾನೇ ಆ ಸೈಡ್‌ವಾಕಿನ ಮೇಲೆ ಹೊರಟೆ. ಹೌದು, ಮೊದಲ ಸಲ. ಅದಕ್ಕಾಗಿ ಅಷ್ಟೆಲ್ಲ ಹೋರಾಡಿದವಳು ಅಷ್ಟು ತಿಂಗಳೂ ಅದರ ಪಕ್ಕದಲ್ಲಿ ಕಾರು ಓಡಿಸಿಕೊಂಡು ಓಡಾಡಿದ್ದೆ.

ಎರಡು ಮನೆ ದಾಟಿರಲಿಲ್ಲ, ಹುಲ್ಲು ಕತ್ತರಿಸುತ್ತಿದ್ದವನೊಬ್ಬ ಯಂತ್ರ ನಿಲ್ಲಿಸಿ, "ಹಾಯ್ ಈಲಾ!" ಎಂದು ಕೂಗಿದ. ಇಳಾ ಕೈ ಬೀಸಿದಳು. ಮುಂದಿನ ಮನೆಯ ನಾಯಿ ಓಡಿಬಂದು ಅವಳ ಕಾಲು ನೆಕ್ಕಿತು. ನನ್ನನ್ನು ಕಂಡು ಗುರ್ ಅಂದಿತು. ಹಸಿರು ಬಾಗಿಲಿನ ಮನೆಯ ಮುಂದೆ ವಯಸ್ಸಾದ ಒಬ್ಬಾಕೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಇಳಾಳನ್ನು ನೋಡಿ ಪೈಪು ಕೆಳಗಿಟ್ಟು ಬಂದು ಅವಳ ಕೆನ್ನೆ ಮುಟ್ಟಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮಗು ನೋಡ್ಕೊಳ್ಳೋಕೆ ಹೊಸದಾಗಿ ಬಂದ್ರಾ?" ಎಂದು ಕೇಳಿದರು. "ನಿಮ್ಮ ಅದೃಷ್ಟ, ಒಳ್ಳೇ ಮನೆ ಸಿಕ್ಕಿದೆ. ಇವಳ ಅಜ್ಜಿ ಎಂಥ ಹೆಂಗಸು ಗೊತ್ತಾ? ಈ ಸೈಡ್‌ವಾಕ್ ಹಾಕಿಸಿದ್ದೇ ಅವರು. ಆ ತಾಯಿ ತಂದೆ ಹೇಗೋ ಏನೋ, ನಾನಂತೂ ಅವರನ್ನ ಒಂದು ದಿನವೂ ನೋಡಿಲ್ಲ."

ನನ್ನ ಇಂಗ್ಲಿಷು ಅವತ್ತು ಒಂದಕ್ಷರವೂ ತಪ್ಪಲಿಲ್ಲ. "ಹೌದು ಮ್ಯಾಮ್" ಎಂದೆ, "ನಿನ್ನೆಯಷ್ಟೇ ಕೆಲಸಕ್ಕೆ ಸೇರಿಕೊಂಡೆ."